ಅರ್ಧ ಅಂಕದ ಮರ್ಯಾದೆ

ಚದುರಂಗದಲ್ಲಿ ಸೋತು ಮನೆಗೆ ಬಂದರೆ ಅನುಕಂಪ ಸಿಗುತ್ತದೆ, ಗೆದ್ದು ಬಂದರೆ ಎರಡನೇ ಲೋಟ ಕಾಫಿ. ಡ್ರಾ ಮಾಡಿಕೊಂಡು ಬಂದವನಿಗೆ ಮಾತ್ರ ವಿಚಾರಣೆ.

"ಗೆದ್ರಾ, ಸೋತ್ರಾ?"

"ಎರಡೂ ಇಲ್ಲ."

"ಹಾಗಾದ್ರೆ ಇಷ್ಟು ಹೊತ್ತು ಅಲ್ಲೇನು ಮಾಡ್ತಿದ್ರಿ?"

ಚೆನ್ನೈಯ ಪಶ್ಚಿಮ ತಾಂಬರಂನ ನಮ್ಮ ಕ್ಲಬ್ಬಿನಲ್ಲಿ ಭಾನುವಾರ ನನ್ನೆದುರು ಕೂರುವವರು ರೈಲ್ವೆಯಿಂದ ನಿವೃತ್ತರಾದ ಹಿರಿಯರು. ನನ್ನ ತಮಿಳು ಅಷ್ಟಕ್ಕಷ್ಟೆ, ಅವರ ಕನ್ನಡ ಅಷ್ಟೂ ಇಲ್ಲ. ಹೀಗಾಗಿ ಜಗಳವೆಲ್ಲ ಮಣೆಯ ಮೇಲೇ. ಕಳೆದ ವಾರ ಕೊನೆಗುಳಿದದ್ದು ಇಬ್ಬರಿಗೂ ಒಂದೊಂದು ಒಂಟೆ. ನನ್ನದು ಬಿಳಿ ಮನೆಗಳಲ್ಲಿ ಓಡಾಡುವುದು, ಅವರದು ಕಪ್ಪು ಮನೆಗಳಲ್ಲಿ. ಜನ್ಮದಲ್ಲಿ ಒಂದನ್ನೊಂದು ಮುಟ್ಟಲಾರವು. ನನ್ನ ಕಡೆ ಒಬ್ಬ ಕಾಲಾಳು ಹೆಚ್ಚಿಗಿದ್ದ, ನಿಜ. ಅವನು ಹೆಜ್ಜೆಯಿಡಬೇಕಾದ ಕಪ್ಪು ಮನೆಯಲ್ಲಿ ಅವರ ರಾಜ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಆಗಲೇ ಕೈಕುಲುಕಿ ಏಳಬಹುದಿತ್ತು. ಆದರೆ ಮೊದಲು ಬಾಯಿಬಿಟ್ಟವನೇ ಹೆದರಿದವನು ಎಂಬ ನಂಬಿಕೆ ಇಬ್ಬರದೂ. ಒಂಟೆಗಳನ್ನು ಅತ್ತಿತ್ತ ಅಡ್ಡಾಡಿಸಿದೆವು. ಇಬ್ಬರೂ 50 ನಡೆ ಯಾರನ್ನೂ ಹೊಡೆಯದೆ, ಕಾಲಾಳನ್ನೂ ಕದಲಿಸದೆ ಕಳೆದರೆ ಡ್ರಾ ಕೇಳಬಹುದೆಂಬ ನಿಯಮವೇನೋ ಇದೆ. ಎಣಿಸುವವರು ಯಾರು? ಕಡೆಗೆ ಅವರೇ ಗಡಿಯಾರ ನೋಡಿ, "ಡ್ರಾವಾ ಸಾರ್?" ಎಂದರು. ಚೆಂಗಲ್ಪಟ್ಟು ಲೋಕಲ್‌ಗೆ ಹೊತ್ತಾಗಿತ್ತು. ನಮ್ಮ ಎಷ್ಟೋ ಡ್ರಾಗಳ ತೀರ್ಪುಗಾರ ದಕ್ಷಿಣ ರೈಲ್ವೆಯ ವೇಳಾಪಟ್ಟಿ.

ಮನೆಯಲ್ಲಿ ಹೆಂಡತಿಗೆ ದೊಡ್ಡವರ ಉದಾಹರಣೆ ಕೊಟ್ಟೆ. 2013ರ ನವೆಂಬರಿನಲ್ಲಿ ಇದೇ ಚೆನ್ನೈಯಲ್ಲಿ ಆನಂದ್–ಕಾರ್ಲ್‌ಸನ್ ವಿಶ್ವಪಟ್ಟಕ್ಕೆ ಆಡಿದಾಗ ಮೊದಲ ಆಟ 16 ನಡೆಗೇ ಡ್ರಾ. 1984ರ ಸೆಪ್ಟೆಂಬರಿನಲ್ಲಿ ಮಾಸ್ಕೋದಲ್ಲಿ ಕೂತ ಕಾರ್ಪೊವ್, ಕಾಸ್ಪರೊವ್ 48 ಆಟ ಆಡಿ 40 ಡ್ರಾ ಮಾಡಿಕೊಂಡರು. ಮುಂದಿನ ಫೆಬ್ರವರಿಯಲ್ಲಿ ವಿಶ್ವ ಚದುರಂಗ ಸಂಸ್ಥೆ ಫಿಡೆಯ ಅಧ್ಯಕ್ಷ ಕಂಪೊಮಾನೆಸ್ ಬಂದು ಎಬ್ಬಿಸಬೇಕಾಯಿತು.

"ಅವರಿಗೆ ಅದೇ ಕಸುಬು. ನೀವು ಹೊರಟಿದ್ದು ತೊಗರಿಬೇಳೆ ತರೋಕೆ" ಎಂದಳು.

ಈ ವಿಷಯದಲ್ಲಿ ಜಾಣರೆಂದರೆ ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರು. ಕುದುರೆಯೊಂದು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಬಂಧಗಳನ್ನು ರಚಿಸಿದರು. ಅಲ್ಲಿ ಎದುರಾಳಿಯೇ ಇಲ್ಲ. ಅಂತಃಪುರದವರು ಗೆದ್ದಿರೋ ಸೋತಿರೋ ಎಂದು ಕೇಳುವ ಹಾಗೂ ಇಲ್ಲ.

ನಿಮ್ಮ ಮನೆಯಲ್ಲೂ ಚದುರಂಗದ ಹುಚ್ಚಿನವರಿದ್ದು, ಕತ್ತಲಾದ ಮೇಲೆ ಬರಿಗೈಲಿ ಬಂದು "ಡ್ರಾ" ಎಂದರೆ, ದಯವಿಟ್ಟು ಮೊದಲು ಊಟಕ್ಕೆ ಬಡಿಸಿ. ಬೇಳೆಯ ವಿಚಾರಣೆ ಆಮೇಲೆ ಇಟ್ಟುಕೊಳ್ಳಿ.