ಔಷಧಿ ಹೊಡಿಯೋ ಎಂಜಿನಿಯರು

(ಪಾಂಡವಪುರದ ಕಬ್ಬಿನ ಗದ್ದೆ. ಬದುವಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ ಅಳಿಯ. ಪಕ್ಕದಲ್ಲಿ ಎಲೆಅಡಿಕೆ ಮೆಲ್ಲುತ್ತ ಮಾವ.)

ಮಾವ: ಬೆಂಗಳೂರಲ್ಲಿ ನಿಂದು ಏನ್ಲಾ ಕೆಲ್ಸ?

ಅಳಿಯ: ಡ್ರೋನು ತಾನೇ ಹಾರಿ ಔಷಧಿ ಹೊಡಿಯೋ ಹಂಗೆ ಕೋಡ್ ಬರೀತೀನಿ ಮಾವ.

ಮಾವ: ಅಯ್ಯೋ! ನಾಗಮಂಗಲದ ಹೆಣ್ಣಿನ ಕಡೆಯೋರ್ಗೆ ‘ಹುಡ್ಗ ಔಷಧಿ ಹೊಡೀತಾನೆ’ ಅಂದ್ಬುಟ್ಟೆ. ಕಾಫಿನೂ ಕುಡೀದೆ ಎದ್ದೋದ್ರು.

ಅಳಿಯ: ನಾನು ಹೊಡಿಯೋದಲ್ಲ ಮಾವ, ಡ್ರೋನಿಗೆ ಜಾಗ ಸರಿಯಾಗಿ ಗೊತ್ತಾಗೋ ಹಂಗೆ ಮಾಡ್ಬೇಕು. ಸಾದಾ ಜಿಪಿಎಸ್ ಮೀಟರುಗಟ್ಲೆ ಆಚೀಚೆ ಹೇಳ್ತದೆ. ಆ ತಪ್ಪು ತಿದ್ದೋ ಆರ್‌ಟಿಕೆ ಹಾಕಿದ್ರೆ ಸೆಂಟಿಮೀಟರ್ ಲೆಕ್ಕ.

ಮಾವ: ಮೊದ್ಲೇ ಹೇಳ್ಬಾರ್ದ? ಕೆ.ಆರ್. ಪೇಟೆ ದಾಯಾದಿಗಳು ಒಂದು ಗೇಣು ಬದುವಿಗೆ ಇಪ್ಪತ್ತು ವರ್ಷದಿಂದ ಕೋರ್ಟಿಗೆ ಅಲೀತಾವ್ರೆ.

ಅಳಿಯ: ಇದೆಲ್ಲ ಹೊಸ ತಂತ್ರಜ್ಞಾನ ಮಾವ.

ಮಾವ: ಏನ್ ಹೊಸ್ದು? ಶ್ರೀರಂಗಪಟ್ಣದ ಟಿಪ್ಪು ಕಬ್ಬಿಣದ ಕೊಳವೆಗೆ ಬಿದಿರು ಗಳ ಕಟ್ಟಿ ರಾಕೆಟ್ ಬಿಡ್ತಿರ್ಲಿಲ್ವ?

ಅಳಿಯ: 1799ರಲ್ಲಿ ಕೋಟೆ ಬಿತ್ತಲ್ಲ, ಇಂಗ್ಲಿಷರು ಆ ರಾಕೆಟ್‌ಗಳ್ನ ಹಡಗಿಗೇರಿಸ್ಕೊಂಡು ಹೋದ್ರು. ಆಮೇಲೆ ಅವನ್ನ ನೋಡಿ ಅಲ್ಲಿ ಮಾಡಿದ್ದಕ್ಕೆ ಕಾಂಗ್ರೀವ್ ರಾಕೆಟ್ ಅಂತ ಹೆಸ್ರಾಯ್ತು.

ಮಾವ: ಬುಡು, ಆಗ್ಲೂ ಕೆಲ್ಸ ನಮ್ಮೋರ್ದು, ಹೆಸ್ರು ಕಂಪ್ನೀದು! ಅದ್ಸರಿ, ಡ್ರೋನಿನ ಬ್ಯಾಟ್ರಿ ಇಳಿದ್ರೆ?

ಅಳಿಯ: ಹೊರಟ ಜಾಗಕ್ಕೆ ತಾನೇ ವಾಪಸ್ ಬತ್ತದೆ.

ಮಾವ: ನಿನ್ ತರಾನೇ ಕಣ್ಲಾ. ತಿಂಗಳ ಕೊನೇಲಿ ಜೇಬು ಖಾಲಿಯಾದ್ರೇನೇ ಊರು ನೆಪ್ಪಾಗೋದು!