ಹೆಸರಿನೊಳಗಿನ ಕೂಲಿ

ಮಹಾರಾಷ್ಟ್ರದ ದೌಂಡ ಜಂಕ್ಷನ್ನಿನಲ್ಲಿ ಇಳಿದಾಗ ನನ್ನ ಜೊತೆಗಿದ್ದದ್ದು ಎರಡು ಸೂಟ್‌ಕೇಸು, ಒಂದು ಚೀಲ ಖಡಕ್ ರೊಟ್ಟಿ, ಶೇಂಗಾ ಹಿಂಡಿಯ ಡಬ್ಬಿ, ಮತ್ತು ತಂಗಿಯ ಮಗಳು. ಅವಳನ್ನು ಲಗೇಜಿನ ಪಟ್ಟಿಗೆ ಸೇರಿಸಿದ್ದು ತಪ್ಪೇ. ಪುಣೆಯಲ್ಲಿ ಎಂ.ಎ. ಓದುತ್ತಾಳೆ, ಇದನ್ನು ಓದಿದರೆ ನನ್ನನ್ನು ಬಿಡುವುದಿಲ್ಲ.

ಮನಮಾಡದ ಕಡೆಯ ಗಾಡಿ ಹಿಡಿಯಬೇಕಿತ್ತು. "ಏ ಕೂಲಿ!" ಎಂದೆ. ಹುಡುಗಿ ತೋಳು ಜಗ್ಗಿದಳು.

"ಮಾಮಾ, ಹಂಗ ಅನಬಾರದ್ರಿ. ಸಹಾಯಕ್ ಅನ್ರಿ."

ಅವಳ ಬೆನ್ನಿಗೆ ಸರಕಾರವೇ ಇದೆ. 2016ರ ರೈಲ್ವೆ ಬಜೆಟ್ಟಿನಲ್ಲಿ ಆಗಿನ ರೈಲ್ವೆ ಮಂತ್ರಿ ಸುರೇಶ್ ಪ್ರಭು ಅವರು ಕೂಲಿಗಳನ್ನು ಇನ್ನು ಮುಂದೆ ‘ಸಹಾಯಕ್’ ಎಂದು ಕರೆಯಲಾಗುವುದು ಎಂದಿದ್ದರು. ಇತಿಹಾಸವೂ ಇದೆ: ದಕ್ಷಿಣ ಆಫ್ರಿಕದ ಬಿಳಿಯರಿಗೆ ಭಾರತೀಯರೆಲ್ಲ ಕೂಲಿಗಳೇ, ಸೂಟು ಹಾಕಿದ ಗಾಂಧಿಯೂ ‘ಕೂಲಿ ಬ್ಯಾರಿಸ್ಟರ್’. ಇಂಥ ಪದ ಬಿಡುವುದು ಒಳ್ಳೆಯದೇ ಅಂದುಕೊಂಡು ಗಂಟಲು ಸರಿಮಾಡಿಕೊಂಡು ಕೂಗಿದೆ:

"ಏ ಸಹಾಯಕ್, ಬಾ ಇಲ್ಲಿ!"

ಕೆಂಪಂಗಿಯವರು ಯಾರೂ ಅಲುಗಲಿಲ್ಲ. ತಿರುಗಿ ನೋಡಿದವರು ಬ್ರೀಫ್‌ಕೇಸು ಹಿಡಿದ ಒಬ್ಬ ಗೃಹಸ್ಥರು. ಯಾವುದೋ ಇಲಾಖೆಯ ಸಹಾಯಕರಿರಬೇಕು. ಸಹಾಯ ಬೇಕಾಗಿದೆ ಎಂದು ತಿಳಿದದ್ದೇ ಆ ಕಡೆ ಮುಖ ಮಾಡಿದರು.

ಯಾರಿಗೂ ನೋಯದ ಹೆಸರು ಹುಡುಕುವ ಈ ‘ಪೊಲಿಟಿಕಲ್ ಕರೆಕ್ಟ್‌ನೆಸ್’ ಪರದೇಶದಿಂದ ಬಂದು ನಮ್ಮ ದೇಶದ ಗುಣವನ್ನೇ ಕೆಡಿಸಿತು, ನೇರ ಮಾತಿನ ಜನ ಬಾಯಿಗೆ ಬೀಗ ಹಾಕಿಕೊಳ್ಳುವಂತಾಯಿತು ಎಂದು ಕೆಲವರು ಗೋಳಾಡುತ್ತಾರೆ. ನೇರ ಮಾತು? ನಾವು? ಮನೆಯಿಂದ ಹೊರಡುವಾಗ ‘ಹೋಗ್ತೀನಿ’ ಅನ್ನಲು ಹೆದರಿ ‘ಬರ್ತೀನಿ’ ಅನ್ನುವವರು, ಮೈಮೇಲೆ ಎದ್ದ ಸಿಡುಬಿಗೆ ‘ಅಮ್ಮ’ ಅಂದವರು, ದೀಪ ಆರಿಸದೆ ಶಾಂತ ಮಾಡುವವರು! ಡಬ್ಬಿಯ ತಳ ಕಂಡಾಗ ನಮ್ಮಜ್ಜಿ "ಅಕ್ಕಿ ತುಂಬ್ಯಾವ" ಅನ್ನುತ್ತಿದ್ದಳು. ಆದರೆ ಅಜ್ಜಿಯದೊಂದು ವಿಶೇಷ: ಅಷ್ಟು ಹೇಳುತ್ತಲೇ ಕೈಗೆ ಚೀಲ ಕೊಟ್ಟು ಅಂಗಡಿಗೆ ಅಟ್ಟುತ್ತಿದ್ದಳು. ಈಗಿನವರು ಅಕ್ಕಿ ತುಂಬಿದೆ ಅನ್ನುವುದನ್ನು ಕಲಿತಿದ್ದಾರೆ, ಚೀಲ ಮರೆತಿದ್ದಾರೆ.

ರೈಲಿನದೇ ಉದಾಹರಣೆ. ಮೂರನೇ ದರ್ಜೆಯ ಪಾಡಿನ ಮೇಲೆ ಗಾಂಧೀಜಿ 1917ರಲ್ಲೇ ಬರೆದರು. 1974ರಲ್ಲಿ ಮೂರನೇ ದರ್ಜೆ ಹೋಯಿತು, ಹೇಗೆಂದರೆ ಅದಕ್ಕೆ ಎರಡನೇ ದರ್ಜೆ ಎಂದು ಹೆಸರಿಟ್ಟರು. ಬಡವರಿಗೆ ಒಂದೇ ರಾತ್ರಿಯಲ್ಲಿ ಬಡ್ತಿ ಸಿಕ್ಕಿತು, ಕೆಳಗಿನ ಹಲಗೆ ಮಾತ್ರ ಹಲಗೆಯೇ. ಮುಂದೆ 1977ರಲ್ಲಿ ರೈಲ್ವೆ ಮಂತ್ರಿಯಾದ ಮಧು ದಂಡವತೆ, ಇದೇ ದೌಂಡದಿಂದ ಮೇಲೆ ಹೋಗುವ ಸಾಲಿನ, ಆಗ ಅಹಮದನಗರವೆನ್ನುತ್ತಿದ್ದ ಊರಿನಲ್ಲಿ ಹುಟ್ಟಿದವರು, ಆ ಹಲಗೆಗಳಿಗೆ ಎರಡು ಇಂಚಿನ ಫೋಮು ಹಾಕಿಸತೊಡಗಿದರು. ದರ್ಜೆ ಏರಿದ್ದು ಬೆನ್ನಿಗೆ ತಿಳಿದದ್ದು ಆಗ.

ನನ್ನದೂ ಬರೀ ಹೆಸರಿನ ಬಡ್ತಿಯೇ. ಅರವತ್ತು ದಾಟಿದ ಮೇಲೆ ನಾನು ಮುದುಕನಲ್ಲ, ‘ಹಿರಿಯ ನಾಗರಿಕ’. ಟಿಕೆಟ್ಟಿನಲ್ಲಿ ನಮಗಿದ್ದ ನೂರಕ್ಕೆ ನಲವತ್ತರ ರಿಯಾಯಿತಿ 2020ರ ಮಾರ್ಚಿನಲ್ಲಿ ಇಳಿದುಹೋಯಿತು, ಹಿರಿತನ ಮಾತ್ರ ಗಾಡಿಯಲ್ಲೇ ಉಳಿದಿದೆ. ಹೆಸರಿನ ಜೊತೆ ಕೆಲಸವೂ ಬದಲಾಗುವುದನ್ನು ನೋಡಬೇಕಾದರೆ ಈ ದೌಂಡಕ್ಕೇ ಬರಬೇಕಿತ್ತು: ಸೋಲಾಪುರದಿಂದ ಬಂದು ಮನಮಾಡಕ್ಕೆ ಹೊರಡುವ ಗಾಡಿಗಳು ಹಿಂದೆಲ್ಲ ಇಲ್ಲಿ ದಿಕ್ಕು ತಿರುಗಬೇಕಿತ್ತು, ಬಾಲವೇ ತಲೆಯಾಗುತ್ತಿತ್ತು. ಈಗ ಎರಡೂ ಸಾಲುಗಳನ್ನು ನೇರವಾಗಿ ಕೂಡಿಸುವ ಕಾರ್ಡ್ ಲೈನ್ ಬಂದು ಆ ಸರ್ಕಸ್ಸು ಕಮ್ಮಿಯಾಗಿದೆ. ಆದರೆ ಆಗಲೂ ಬಾಲಕ್ಕೆ ತಲೆ ಎಂದು ಹೆಸರಿಟ್ಟು ಯಾರೂ ಸುಮ್ಮನೆ ಕೂರುತ್ತಿರಲಿಲ್ಲ, ಎಂಜಿನ್ ತಂದು ಕಟ್ಟುತ್ತಿದ್ದರು.

ಕೊನೆಗೆ ನಾನೇ ಹತ್ತಿರ ಹೋಗಿ "ಹಮಾಲ್ರ, ಸ್ವಲ್ಪ ಬರ್ರಿ" ಎಂದೆ. ತೋಳಿಗೆ ಹಿತ್ತಾಳೆ ಬಿಲ್ಲೆ ಕಟ್ಟಿದ್ದ ಹಿರಿಯರೊಬ್ಬರು ಎದ್ದು ಬಂದರು, ಕನ್ನಡದಲ್ಲೇ ಮಾತಾಡಿದರು. ಅಫಜಲಪುರದ ಕಡೆಯವರು. ದೌಂಡದ ಭೀಮೆ ಅವರೂರಿನತ್ತ ಇಳಿದು ಹೋಗುತ್ತಾಳೆ, ಅವರು ಅವಳಿಗೆ ಎದುರಾಗಿ ಮೇಲೆ ಬಂದಿದ್ದಾರೆ.

"ಸಹಾಯಕ್ ಅಂದ್ರ ಯಾಕ್ರಿ ಬರಲಿಲ್ಲ?" ಹುಡುಗಿ ಕೇಳಿದಳು.

ಅವರು ಸಿಂಬಿ ಸುತ್ತುತ್ತಲೇ ಹೇಳಿದರು: "ತಂಗಿ, ಸಹಾಯಕ್ ಅಂತ ಕರದವರು ಸಾಮಾನು ಇಳಿಸಿದ ಮ್ಯಾಲ ಥ್ಯಾಂಕ್ಯೂ ಅಂತಾರ. ಕೂಲಿ ಅಂದವರು ರೊಕ್ಕ ಕೊಡ್ತಾರ."

ಪದಕೋಶವೂ ಅವರ ಕಡೆಗೇ ಇದೆ. ಕನ್ನಡದಲ್ಲಿ ಕೂಲಿ ಎಂದರೆ ಮೊದಲು ಮನುಷ್ಯನಲ್ಲ, ದುಡಿದದ್ದಕ್ಕೆ ಸಿಗುವ ಹಣ. ಆ ಹೆಸರಿನೊಳಗೇ ಅವರ ಕೂಲಿ ಇತ್ತು. ಹೆಸರು ಕಿತ್ತವರು ಅದನ್ನೂ ಜೊತೆಗೇ ಒಯ್ದರು. ಸಹಾಯಕ್ಕೆ ಯಾರಾದರೂ ದರ ಕೇಳುತ್ತಾರೆಯೇ? ಇನ್ನು ಅವಮಾನ ಇದ್ದದ್ದು ನನ್ನ ‘ಏ’ದಲ್ಲಿ, ‘ಬಾ’ದಲ್ಲಿ. ಕನ್ನಡದ ಮರ್ಯಾದೆ ಕೂತಿರುವುದು ಕ್ರಿಯಾಪದದ ಬಾಲದಲ್ಲಿ. ಅದನ್ನು ಬದಲಿಸಲು ಯಾವ ಬಜೆಟ್ಟೂ ಬೇಕಿಲ್ಲ.

ಗಾಡಿಯ ಬಾಗಿಲ ಬಳಿ ಸಾಮಾನು ಇಳಿಯಿತು.

"ಎಷ್ಟ್ ಕೊಡೂಣ್ರಿ?"

"ಇನ್ನೂರು ಕೊಡ್ರಿ."

"ಸಹಾಯಕ್‌ರ, ಅಷ್ಟ್ಯಾಕ್ರಿ? ನೂರು ತಗೋರಿ" ಎಂದಳು ನಮ್ಮ ಹುಡುಗಿ, ಬಲು ಗೌರವದಿಂದ.

ಅವರು ನನ್ನ ಕಡೆ ನೋಡಿ ನಕ್ಕರು. ನಾನು ನ್ಯಾಯಸ್ಥನಾಗಿ ನೂರೈವತ್ತಕ್ಕೆ ರಾಜಿ ಮಾಡಿಸಿದೆ. ಉಳಿದ ಐವತ್ತಕ್ಕೆ ಏನು ಹೆಸರಿಡಬೇಕೋ ತಿಳಿಯದೆ, ಮೇಲೆ ನಾಲ್ಕು ಖಡಕ್ ರೊಟ್ಟಿ ಇಟ್ಟೆ.