ಬೈಸಿಕೊಳ್ಳುವವರಿಗೆ ವಾರಂಟಿ ಇಲ್ಲ

ಐವತ್ತು ಸಾವಿರ ರೂಪಾಯಿಯ ಒಳಗೆ ಮನೆಗೊಂದು ಕಂಪ್ಯೂಟರ್ ತರಬೇಕೆಂದು ನೀವು ಮನಸ್ಸು ಮಾಡಿದ್ದೀರಿ ಅಂತಿಟ್ಟುಕೊಳ್ಳೋಣ. ಬಹಳ ಸಂತೋಷ. ಆದರೆ ದಯವಿಟ್ಟು ಯಾರ ಮುಂದೆಯೂ ಬಾಯಿ ಬಿಡಬೇಡಿ. ಸೈಟು ಕೊಳ್ಳುತ್ತೇನೆಂದರೆ ನೆಂಟರು ಹೊಟ್ಟೆಕಿಚ್ಚಿಗಾದರೂ ಸುಮ್ಮನಿರುತ್ತಾರೆ. ಮಗಳಿಗೆ ಗಂಡು ನೋಡುತ್ತಿದ್ದೇನೆಂದರೆ ನಾಳೆ ಮಾತು ತಮ್ಮ ತಲೆಗೆ ಬರುವುದು ಬೇಡವೆಂದು ಮೆಲ್ಲಗೆ ಜಾರಿಕೊಳ್ಳುತ್ತಾರೆ. ಕಂಪ್ಯೂಟರ್ ಎಂದಿರೋ, ಮುಗಿಯಿತು. ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಪಂಡಿತರ ಸಭೆ ಸೇರಿರುತ್ತದೆ.

ಮೊದಲ ಪಂಡಿತ ಭಾವಮೈದುನ. ವೈಟ್‌ಫೀಲ್ಡಿನ ಗಾಜಿನ ಕಟ್ಟಡದಲ್ಲಿ ಕೆಲಸ. ಕಂಪ್ಯೂಟರಿನ ಒಳಗನ್ನು ಆತ ಕಂಡದ್ದು ಕಾಲೇಜಿನ ಪಠ್ಯಪುಸ್ತಕದಲ್ಲಿ, ಅದೂ ಕಪ್ಪು ಬಿಳುಪಿನಲ್ಲಿ. ಆಫೀಸಿನಲ್ಲಿ ಮೌಸು ಕೆಟ್ಟರೆ ಟಿಕೆಟ್ ರೈಸ್ ಮಾಡಿ ಕೈಕಟ್ಟಿ ಕೂರುವವನು. ಅವನ ತೀರ್ಪು ಒಂದೇ ಸಾಲಿನದು: "ಬ್ರಾಂಡೆಡ್ ತಗೊಂಡ್ಬಿಡಿ ಭಾವ, ತಲೆನೋವೇ ಇರಲ್ಲ."

ಎರಡನೆಯವನು ಸೋದರಳಿಯ, ಅಕ್ಕನ ಮಗ, ಎಂಜಿನಿಯರಿಂಗ್ ಮೂರನೇ ವರ್ಷ. ಬ್ರಾಂಡೆಡ್ ಎಂಬ ಮಾತು ಬಿದ್ದರೆ ಅವನ ಮುಖ ಹರಳೆಣ್ಣೆ ಕುಡಿದಂತಾಗುತ್ತದೆ. "ಅಸೆಂಬಲ್ ಮಾಡೋಣ ಮಾಮ, ಅದೇ ದುಡ್ಡಿಗೆ ಡಬಲ್ ಪರ್ಫಾರ್ಮೆನ್ಸ್!" ಬಿಡಿಭಾಗಗಳ ಪಟ್ಟಿ ಮೊಬೈಲಿನಲ್ಲಿ ಸಿದ್ಧವಾಗಿದೆ. ಅದರಲ್ಲಿರುವ ದೊಡ್ಡ ಗ್ರಾಫಿಕ್ಸ್ ಕಾರ್ಡು ಮಗಳ ಆನ್‌ಲೈನ್ ಟ್ಯೂಷನ್ನಿಗೆ ಯಾಕಪ್ಪಾ ಎಂದರೆ "ಫ್ಯೂಚರ್ ಪ್ರೂಫ್ ಮಾಮ" ಎನ್ನುತ್ತಾನೆ. ದಸರಾ ರಜೆಗೆ ನಿಮ್ಮ ಮನೆಗೇ ಬಂದು ಬೆಳತನಕ ಗೇಮ್ ಆಡುವುದೇ ಆ ಫ್ಯೂಚರ್ ಎಂದು ನಿಮಗೆ ಆಮೇಲೆ ತಿಳಿಯುತ್ತದೆ.

ಮೂರನೆಯವರು ಎದುರುಮನೆಯ ರಾಯರು. ಡೆಸ್ಕ್‌ಟಾಪ್ ಕೊಳ್ಳಲೋ ಜೋಡಿಸಲೋ ಎಂದು ಕೇಳಿದವರಿಗೆ "ಲ್ಯಾಪ್‌ಟಾಪ್ ತಗೊಳ್ಳಿ" ಎನ್ನುವವರು. ಅವರಿಗೆ ಇನ್ನೊಂದು ಕಾಫಿ ಕೊಟ್ಟು ಕಳಿಸಿ, ನಾವು ಮುಂದೆ ಹೋಗೋಣ.

ಇಷ್ಟು ಹೊತ್ತಿನ ಸಭೆಯಲ್ಲಿ ಒಂದು ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ: ಈ ಯಂತ್ರ ಮಾಡಬೇಕಾದ ಕೆಲಸವಾದರೂ ಏನು? ಮಗಳ ಪಾಠ, ಮನೆಯಾಕೆಯ ಮಹಿಳಾ ಸಂಘದ ಲೆಕ್ಕ, ಪತ್ರಿಕೆಯ ವಾಚಕರ ವಾಣಿಗೆ ನೀವು ಟೈಪು ಮಾಡುವ ಪತ್ರ, ಟಿವಿ ಕ್ರಿಕೆಟ್ಟಿನ ಪಾಲಾದಾಗ ಅಮ್ಮನ ಧಾರಾವಾಹಿ. ಇಷ್ಟಕ್ಕೆ ಈಗಿನ ಯಾವ ಸಾಧಾರಣ ಪ್ರೊಸೆಸರೂ ಸಾಕು. ಆದರೆ 'ಸಾಕು' ಎಂದುಬಿಟ್ಟರೆ ಸಭೆಯೇ ಬರಖಾಸ್ತಾಗುತ್ತದಲ್ಲ!

ಅಳಿಯನ ಪಕ್ಷದ ಬಗ್ಗೆ ಒಂದು ಮಾತು. ಬಿಡಿಭಾಗ ತಂದು ಜೋಡಿಸುವ ವಿದ್ಯೆ ತನ್ನ ತಲೆಮಾರಿನ ಪ್ರತಿಭೆ ಎಂದು ಅವನು ನಂಬಿದ್ದಾನೆ. ನಿಜದಲ್ಲಿ ಅದು ಐಬಿಎಂ ಕಂಪನಿಯ ಅವಸರದ ಫಲ. 1981ರ ಆಗಸ್ಟಿನಲ್ಲಿ ಆ ಕಂಪನಿ ತನ್ನ ಪಿಸಿಯನ್ನು ಹೊರತಂದಾಗ ಎಲ್ಲವನ್ನೂ ತಾನೇ ತಯಾರಿಸುವಷ್ಟು ವ್ಯವಧಾನ ಅದಕ್ಕಿರಲಿಲ್ಲ. ಪ್ರೊಸೆಸರ್ ಇಂಟೆಲ್‌ನಿಂದ ಬಂತು, ಡಾಸ್ ಮೈಕ್ರೋಸಾಫ್ಟ್‌ನಿಂದ ಬಂತು, ಮಿಕ್ಕದ್ದೂ ಬಹುಪಾಲು ಪೇಟೆಯ ಮಾಲು. ಸಾಲದ್ದಕ್ಕೆ ಒಳಗಿನ ನಕ್ಷೆಯನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿಸಿ ಮಾರಿತು. ಅದರದೇ ಸ್ವಂತ ಆಸ್ತಿ ಅಂತ ಉಳಿದದ್ದು ಬಯೋಸ್ ಎಂಬ ಪುಟ್ಟ ತಂತ್ರಾಂಶ. ಕಾಂಪ್ಯಾಕ್ ಕಂಪನಿಯವರು ಅದರ ಒಂದಕ್ಷರವನ್ನೂ ಕದಿಯದೆ, ಅದರಂತೆಯೇ ನಡೆದುಕೊಳ್ಳುವ ಇನ್ನೊಂದನ್ನು ಬರೆದು 1982ರಲ್ಲೇ ತಮ್ಮ ತದ್ರೂಪಿ ಯಂತ್ರವನ್ನು ಘೋಷಿಸಿದರು. ಆಮೇಲೆ ಊರಿಗೆಲ್ಲ ಬಾಗಿಲು ತೆರೆಯಿತು. 1995ರಲ್ಲಿ ಇಂಟೆಲ್ ಎಟಿಎಕ್ಸ್ ಎಂಬ ಅಳತೆ ಗೊತ್ತುಮಾಡಿ, ಮದರ್‌ಬೋರ್ಡಿನ ಸ್ಕ್ರೂ ತೂತು ಎಲ್ಲೆಲ್ಲಿರಬೇಕು ಎಂಬುದನ್ನೂ ನಿಗದಿ ಮಾಡಿತು. ಒಬ್ಬನ ಬೋರ್ಡು ಇನ್ನೊಬ್ಬನ ಡಬ್ಬದಲ್ಲಿ ತಕರಾರಿಲ್ಲದೆ ಕೂರುವುದು ಈ ಕಾರಣಕ್ಕೆ. ಅಳಿಯನ ಪಾಲಿಗೆ ಉಳಿದಿರುವುದು ಸ್ಕ್ರೂ ತಿರುಗಿಸುವ ಕೆಲಸವಷ್ಟೇ. ಇದನ್ನು ಅವನಿಗೆ ಹೇಳಬೇಡಿ, ಪಾಪ, ವಯಸ್ಸಿನ ಹುಡುಗ.

ಬೆಂಗಳೂರಿನವರಿಗೆ ಜೋಡಿಸುವ ಆಸೆ ಹುಟ್ಟಿದ ಮೇಲೆ ಕಾಲು ತಾನಾಗಿ ಟೌನ್ ಹಾಲ್ ಕಡೆ, ಎಸ್.ಪಿ. ರಸ್ತೆಗೆ ತಿರುಗುತ್ತದೆ. ದಿಲ್ಲಿಗೆ ನೆಹರೂ ಪ್ಲೇಸ್, ಮುಂಬೈಗೆ ಲ್ಯಾಮಿಂಗ್ಟನ್ ರಸ್ತೆ, ಚೆನ್ನೈಗೆ ರಿಚಿ ಸ್ಟ್ರೀಟ್, ನಮಗೆ ನಮ್ಮ ಸಾದರ ಪತ್ರಪ್ಪ ರಸ್ತೆ. ಇಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಕ್ಕರೆ ಅದೇ ಅರ್ಧ ಲಾಭ. ಅಂಗಡಿಯವನು ನಿಮ್ಮ ಪಟ್ಟಿಯತ್ತ ಕಣ್ಣು ಹಾಯಿಸಿದವನೇ ನಿಮ್ಮ ಅಳಿಯನ ಮುಖ ನೋಡುತ್ತಾನೆ, ಆಮೇಲೆ ನಿಮ್ಮ ಮುಖ. ದುಡ್ಡು ಯಾರದು, ಆಸೆ ಯಾರದು ಎಂಬುದು ಆ ಒಂದು ನೋಟದಲ್ಲೇ ಅವನಿಗೆ ಇತ್ಯರ್ಥವಾಗಿರುತ್ತದೆ. "ಈ ಬೋರ್ಡ್ ಸ್ಟಾಕಿಲ್ಲ ಸರ್, ಇದಕ್ಕಿಂತ ಒಳ್ಳೇದಿದೆ, ಐನೂರು ಹೆಚ್ಚು." ಹೀಗೆ ಐನೂರು ಐನೂರರಂತೆ ಪಟ್ಟಿ ಬೆಳೆದ ಮೇಲೆ ಮೆಲುದನಿಯಲ್ಲಿ ಕೊನೆಯ ಪ್ರಶ್ನೆ ಬರುತ್ತದೆ: "ಬಿಲ್ ಬೇಕಾ ಸರ್?" ಬೇಕು ಎಂದರೆ ಜಿಎಸ್‌ಟಿ ಶೇಕಡಾ 18 ನೆನಪಾಗಿ ಎದೆ ಧಸಕ್ಕೆನ್ನುತ್ತದೆ. ಬೇಡ ಎಂದಿರೋ, ನಾಳೆ ಮಾಲು ಕೆಟ್ಟಾಗ ನೀವು ಯಾರೋ ಅವನು ಯಾರೋ. ಬಿಲ್ಲಿಲ್ಲದ ಮಾಲಿಗೆ ವಾರಂಟಿಯಿಲ್ಲ. ಗಟ್ಟಿ ಮನಸ್ಸು ಮಾಡಿ ಬೇಕು ಎನ್ನಿ.

ಈಗ ಲೆಕ್ಕ. ಅಳಿಯನ ಪಟ್ಟಿಯ ಒಟ್ಟು ಮೊತ್ತ ಐವತ್ತು ಸಾವಿರದ ಒಳಗೇ ಇದೆ, ಸುಳ್ಳಲ್ಲ. ಆದರೆ ಅದರಲ್ಲಿ ಮಾನಿಟರ್ ಇಲ್ಲ. ಕೀಬೋರ್ಡು, ಮೌಸು ಇಲ್ಲ. ಮಳೆಯ ಮೊದಲ ಹನಿಗೇ ಕರೆಂಟು ಹೋಗುವ ಊರಿನಲ್ಲಿ ಬೇಕೇ ಬೇಕಾದ ಯುಪಿಎಸ್ ಇಲ್ಲ. ವಿಂಡೋಸ್ ಎಲ್ಲಪ್ಪಾ ಎಂದರೆ ಆಚೀಚೆ ನೋಡಿ "ಅದು ಸಿಗುತ್ತೆ ಮಾಮ" ಎನ್ನುತ್ತಾನೆ. ಅದು ಹೇಗೆ ಸಿಗುತ್ತದೆಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಅಂಗಡಿಯ ಬ್ರಾಂಡೆಡ್ ಡಬ್ಬದ ಬೆಲೆಯಲ್ಲಿ ಬಹುತೇಕ ವಿಂಡೋಸ್ ಪರವಾನಗಿಯೂ ಸೇರಿರುತ್ತದೆ. ಜೋಡಿಸುವವರು ಅದನ್ನು ಬೇರೆಯಾಗಿ, ಸಾವಿರಗಳ ಲೆಕ್ಕದಲ್ಲಿ ಕೊಳ್ಳಬೇಕು. ಇಲ್ಲವೇ ಉಬುಂಟು ಹಾಕಿಕೊಳ್ಳಬೇಕು. ಅದು ಪುಕ್ಕಟೆ, ಕನ್ನಡವೂ ಚೆನ್ನಾಗಿ ಮೂಡುತ್ತದೆ. ಆದರೆ ಸಂಘದ ಆಡಿಟರು "ಟ್ಯಾಲಿಯಲ್ಲೇ ಕಳಿಸಿ" ಎಂದ ದಿನ ಮತ್ತೆ ವಿಂಡೋಸಿನ ಬಾಗಿಲು ತಟ್ಟಬೇಕಾಗುತ್ತದೆ.

ಪ್ರೊಸೆಸರ್ ಕೊಳ್ಳುವಾಗ ಹೆಸರಿನ ಬಾಲ ನೋಡುವುದನ್ನು ಮರೆಯಬೇಡಿ. ಇಂಟೆಲ್‌ನ ಐ5-12400 ಎಂದರೆ ಒಳಗೇ ಗ್ರಾಫಿಕ್ಸ್ ಉಂಟು. 12400ಎಫ್ ಅಗ್ಗವೆಂದು ಕುಣಿಯುತ್ತಾ ತಂದರೆ ಗ್ರಾಫಿಕ್ಸ್ ಇಲ್ಲ. ಬೇರೆ ಕಾರ್ಡು ಹಾಕುವ ತನಕ ಪರದೆ ಅಮಾವಾಸ್ಯೆ. ಎಎಂಡಿಯ ರೈಜನ್ 5 5600ಜಿ ಥರದ 'ಜಿ' ಬಾಲದವು ಕಡಿಮೆ ಬಜೆಟ್ಟಿನವರ ಆಪದ್ಬಾಂಧವರು. ಕಾರ್ಡಿನ ಖರ್ಚೇ ಉಳಿಯುತ್ತದೆ. ಅಳಿಯನಿಗೆ ಮಾತ್ರ ಆ ಅಕ್ಷರ ಕಂಡರೆ ದುಃಖ.

ಆಮೇಲೆ ರ‍್ಯಾಮ್. ಒಂದು ಕಾಲದಲ್ಲಿ ಇದು ಪಟ್ಟಿಯ ಕೊನೆಗೆ ಚಿಲ್ಲರೆ ಲೆಕ್ಕದಲ್ಲಿ ಬರುತ್ತಿತ್ತು. ಈಗ ಮೊದಲ ಸಾಲಿಗೆ ಬಡ್ತಿ ಪಡೆದಿದೆ. ಜಗತ್ತಿನ ಬಹುಪಾಲು ರ‍್ಯಾಮ್ ಚಿಪ್ಪು ತಯಾರಿಸುವವರು ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಎಂಬ ಮೂವರು. ಎಐ ಡೇಟಾ ಸೆಂಟರುಗಳು ಅದನ್ನು ಸಗಟಾಗಿ ಬಾಚತೊಡಗಿದ ಮೇಲೆ ಮೂವರೂ ಅತ್ತ ತಿರುಗಿದರು. 2025ರ ಕೊನೆಗೆ ಬೆಲೆ ಗಗನಕ್ಕೇರಿತು. ಅದೇ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ನಮ್ಮಂಥ ಚಿಲ್ಲರೆ ಗಿರಾಕಿಗಳಿಗೆ ಮಾರುತ್ತಿದ್ದ ಕ್ರೂಷಿಯಲ್ ವ್ಯಾಪಾರದಿಂದಲೇ ಹೊರಬರುವುದಾಗಿ ಹೇಳಿತು. ಯಾರೋ ಎಲ್ಲೋ ಕೂತು ಎಐಗೆ ಹೇಳಿ ಬುಲೆಟ್ ಓಡಿಸುವ ಬೆಕ್ಕಿನ ಚಿತ್ರ ಬರೆಸಿಕೊಳ್ಳುತ್ತಾರೆ, ಇಲ್ಲಿ ನಿಮ್ಮ ಮಗಳ ಟ್ಯೂಷನ್ ದುಬಾರಿಯಾಗುತ್ತದೆ. ಇಂಥ ಹೊತ್ತಿನಲ್ಲಿ, ಹಳೆಯ ಬೆಲೆಯಲ್ಲಿ ರ‍್ಯಾಮ್ ಕೂಡಿಟ್ಟುಕೊಂಡ ದೊಡ್ಡ ಕಂಪನಿಯ ರೆಡಿ ಡಬ್ಬವೇ ಅಗ್ಗವಾಗಿ ಸಿಕ್ಕರೂ ಸಿಗಬಹುದು. ಭಾವಮೈದುನನಿಗೆ ಗೊತ್ತಾಗದಂತೆ ವಿಚಾರಿಸಿ ನೋಡಿ.

ಅಳಿಯ ಖರ್ಚು ಉಳಿಸುವುದು ಮಾತ್ರ ಎಸ್‌ಎಂಪಿಎಸ್‌ನಲ್ಲಿ. ಗೋಡೆಯಿಂದ ಬರುವ 230 ವೋಲ್ಟನ್ನು 12, 5, 3.3 ವೋಲ್ಟಿಗೆ ಇಳಿಸಿ ಎಲ್ಲರಿಗೂ ಹಂಚುವ ಪೆಟ್ಟಿಗೆ ಅದು. ಮದುವೆಮನೆಯ ಅಡುಗೆಭಟ್ಟರಂತೆ: ಎಲ್ಲ ಸರಿಯಿದ್ದಾಗ ಅವರ ಮುಖವನ್ನೂ ಯಾರೂ ನೋಡಿರುವುದಿಲ್ಲ, ಕೈಕೊಟ್ಟ ದಿನ ಇಡೀ ಪಂಕ್ತಿಗೆ ಅವರ ಹೆಸರು ಗೊತ್ತಾಗುತ್ತದೆ. ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬರುವ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಸಹಗಮನಕ್ಕೆ ಕರೆದೊಯ್ಯುವುದುಂಟು. ಬಣ್ಣದ ದೀಪದ ಫ್ಯಾನು ಮೂರು ಹಾಕಿಸುವ ಬದಲು ದುಡ್ಡನ್ನು ಇಲ್ಲಿ ಸುರಿಯಿರಿ.

ಇನ್ನು ಜೋಡಿಸುವ ರಾತ್ರಿ. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿ, ಮನೆಮಂದಿಯೆಲ್ಲ ಸುತ್ತ ನಿಂತು, ಅಮ್ಮ ದೂರದಿಂದಲೇ ಕೈಮುಗಿದು, ಅಳಿಯ ಸ್ವಿಚ್ ಒತ್ತುತ್ತಾನೆ. ಫ್ಯಾನು ತಿರುಗುತ್ತದೆ, ದೀಪ ಹತ್ತುತ್ತದೆ, ಪರದೆಯ ಮೇಲೆ ಏನೂ ಇಲ್ಲ. "ಡಿಸ್‌ಪ್ಲೇ ಬರ್ತಿಲ್ಲ" ಎಂಬ ಮಹಾಮಂತ್ರ ಹುಟ್ಟುವುದು ಈ ಗಳಿಗೆಯಲ್ಲಿ. ಕಾರಣ ಸಾಮಾನ್ಯವಾಗಿ ಸಣ್ಣದು. ರ‍್ಯಾಮ್ ಟಕ್ಕೆಂದು ಕೂತಿರುವುದಿಲ್ಲ, ಪ್ರೊಸೆಸರಿಗೆ ಹೋಗುವ ಪ್ರತ್ಯೇಕ ಪವರ್ ಕೇಬಲ್ ಕೂಡಿಸಿರುವುದಿಲ್ಲ, ಇಲ್ಲವೇ ಮಾನಿಟರಿನ ವೈರನ್ನು ಗ್ರಾಫಿಕ್ಸ್ ಕಾರ್ಡಿಗೆ ಚುಚ್ಚುವ ಬದಲು ಮದರ್‌ಬೋರ್ಡಿಗೆ ಚುಚ್ಚಿರುತ್ತಾರೆ. ಆದರೆ ಕಾರಣ ಸಿಗುವ ತನಕ ಮನೆಯಲ್ಲಿ ಆಡುವ ಮಾತುಗಳಿವೆಯಲ್ಲ, ಅವು ಯಾವ ಕೈಪಿಡಿಯಲ್ಲೂ ಇಲ್ಲ. "ಅವನು ಆಗಲೇ ಹೇಳಿದ್ದ, ಬ್ರಾಂಡೆಡ್ ತಗೊಳ್ಳಿ ಅಂತ." ತವರುಮನೆಯ ಮಾತು ಇಷ್ಟು ಚೆನ್ನಾಗಿ ಗೆಲ್ಲುವ ಸಂದರ್ಭ ಸಂಸಾರದಲ್ಲಿ ಇನ್ನೊಂದಿಲ್ಲ.

ಹಾಗಾದರೆ ಬ್ರಾಂಡೆಡ್ ಸಾಚಾ ಎಂದುಕೊಂಡಿರೋ? ಅದರ ಡಬ್ಬ ತೆರೆದರೆ ಎರಡು ರ‍್ಯಾಮ್ ಇರಬೇಕಾದಲ್ಲಿ ಎಷ್ಟೋ ಸಲ ಒಂದೇ ಇರುತ್ತದೆ. ಒಂಟಿ ರ‍್ಯಾಮಿನಲ್ಲಿ ಒಳಗಿನ ಗ್ರಾಫಿಕ್ಸ್ ಕುಂಟುತ್ತದೆ. ಹಲವು ಕಂಪನಿಗಳ ಎಸ್‌ಎಂಪಿಎಸ್ಸೂ ಬೋರ್ಡೂ ತಮ್ಮದೇ ಅಳತೆಯವು. 1995ರ ಆ ಎಟಿಎಕ್ಸ್ ಅಳತೆ ಅವುಗಳ ಹೊಸ್ತಿಲ ಒಳಗೆ ನಡೆಯುವುದಿಲ್ಲ. ಕೆಟ್ಟರೆ ಎಸ್.ಪಿ. ರಸ್ತೆಯ ಮಾಲು ಹಿಡಿಸದು, ಅವರ ಬಳಿಯೇ ಹೋಗಬೇಕು. ವಾರಂಟಿಯ ವಿಷಯಕ್ಕೆ ಬಂದರೆ ಇನ್ನೊಂದು ತಮಾಷೆ. ಪೆಟ್ಟಿಗೆಯಲ್ಲಿ ಬರುವ ಇಂಟೆಲ್ ಪ್ರೊಸೆಸರಿಗೆ 3 ವರ್ಷ, ಒಳ್ಳೆಯ ಎಸ್‌ಎಸ್‌ಡಿಗೆ 3 ಅಥವಾ 5 ವರ್ಷ ವಾರಂಟಿ ಇರುತ್ತದೆ. ಅಗ್ಗದ ಬ್ರಾಂಡೆಡ್ ಡಬ್ಬಕ್ಕೋ ಎಷ್ಟೋ ಸಲ ಒಂದೇ ವರ್ಷ. ಆದರೆ ಜೋಡಿಸಿದ ಯಂತ್ರದ ವಾರಂಟಿ ಆರೇಳು ವಿಳಾಸಗಳಲ್ಲಿ ಚೆದುರಿರುತ್ತದೆ. ಬ್ರಾಂಡೆಡ್‌ನದು ಒಂದೇ ನಂಬರು. ಆ ನಂಬರಿನಲ್ಲಿ ಸಂಗೀತ ಚೆನ್ನಾಗಿರುತ್ತದೆ.

ಬಡವರಿಗೆ ಮೂರನೆಯ ದಾರಿಯೂ ಉಂಟು. ಐಟಿ ಕಂಪನಿಗಳು ಬಾಡಿಗೆ ಅವಧಿ ಮುಗಿಸಿ ಹೊರಹಾಕಿದ ಆಫೀಸ್ ಡೆಸ್ಕ್‌ಟಾಪುಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಒರೆಸಿ, ಹೊಸ ಎಸ್‌ಎಸ್‌ಡಿ ಹಾಕಿ, ರಿಫರ್ಬಿಷ್ಡ್ ಎಂದು ಮಾರುತ್ತಾರೆ. ಅರ್ಧ ಬಜೆಟ್ಟಿಗೇ ಕೆಲಸ ಮುಗಿದೀತು. ಒಂದೇ ಎಚ್ಚರ: ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಅಧಿಕೃತವಾಗಿ ಬೇಕೆಂದರೆ ಇಂಟೆಲ್ ಪ್ರೊಸೆಸರು ಹೆಚ್ಚುಕಡಿಮೆ ಎಂಟನೇ ಪೀಳಿಗೆಯದೋ ಆಮೇಲಿನದೋ ಆಗಿರಬೇಕು. "ಐ7 ಸರ್, ಐ7!" ಎಂದು ಕೂಗುವವನನ್ನು ಯಾವ ಪೀಳಿಗೆಯದಯ್ಯಾ ಎಂದು ಕೇಳಿ. ಅವನು ನೀರು ಕುಡಿಯಲು ಒಳಗೆ ಹೋದರೆ ನೀವೂ ಮನೆಗೆ ಹೋಗಿ.

ಇಷ್ಟೆಲ್ಲ ಕೂಡಿಸಿ ಕಳೆದು ನೋಡಿದರೆ ಮೂರು ದಾರಿಯಲ್ಲೂ ಬರುವ ಯಂತ್ರ ನಿಮ್ಮ ಕೆಲಸಕ್ಕೆ ಸಾಕು. ವ್ಯತ್ಯಾಸವಿರುವುದು ಕೆಟ್ಟ ದಿನ ಬೈಸಿಕೊಳ್ಳುವವರಲ್ಲಿ. ಬ್ರಾಂಡೆಡ್ ಕೊಂಡರೆ ಕಾಣದ ಕಂಪನಿಯನ್ನು ಮನೆಮಂದಿಯೆಲ್ಲ ಒಗ್ಗಟ್ಟಿನಿಂದ ಬೈಯಬಹುದು, ಸಂಸಾರಕ್ಕೆ ಒಳ್ಳೆಯದು. ಅಂಗಡಿಯವನ ಕೈಯಲ್ಲೇ ಜೋಡಿಸಿಕೊಂಡು ಬಂದರೆ ಅವನನ್ನೂ ಅಳಿಯನನ್ನೂ ಅರ್ಧರ್ಧ ಬೈಯಬಹುದು. ನೀವೇ ಸ್ಕ್ರೂಡ್ರೈವರ್ ಹಿಡಿದಿರೋ, ಅಲ್ಲಿಗೆ ನಿಮ್ಮ ನೇಮಕಾತಿ ಆಯಿತು. ಆಮೇಲೆ ಪ್ರಿಂಟರು ಕಾಗದ ನುಂಗಿದರೆ ನೀವು, ಟಿವಿ ರಿಮೋಟು ಸತ್ತರೆ ನೀವು, ಗ್ಯಾಸ್ ಬುಕ್ಕಿಂಗಿನ ಓಟಿಪಿ ಬರದಿದ್ದರೂ ನೀವು. ಈ ಹುದ್ದೆಗೆ ನಿವೃತ್ತಿಯಿಲ್ಲ, ಪಿಂಚಣಿಯಂತೂ ಇಲ್ಲವೇ ಇಲ್ಲ.

ಆದ್ದರಿಂದ ನಿರ್ಧರಿಸುವ ಮುಂಚೆ ಬೆಲೆಪಟ್ಟಿ ಮಡಿಸಿಟ್ಟು ಒಂದು ಪರೀಕ್ಷೆ ಮಾಡಿ. ಇವತ್ತು ಸಂಜೆ ವೈಫೈ ಹೋದಾಗ ಮನೆಯವರು ಯಾರ ಹೆಸರು ಹಿಡಿದು ಕೂಗುತ್ತಾರೆ, ಕಿವಿಗೊಟ್ಟು ಕೇಳಿ. ನಿಮ್ಮ ಹೆಸರಾದರೆ ಧೈರ್ಯವಾಗಿ ಜೋಡಿಸಿ, ಬೈಗುಳ ಹೇಗೂ ನಡೆದೇ ಇದೆ, ಯಂತ್ರವಾದರೂ ಚೆನ್ನಾಗಿರಲಿ. ಬೇರೆಯವರ ಹೆಸರಾದರೆ ಬ್ರಾಂಡೆಡ್ ತಂದು ನೆಮ್ಮದಿಯಾಗಿರಿ. ನನ್ನ ಮಾತು ನಂಬಿ ಕೊಂಡ ಮೇಲೆ ಏನಾದರೂ ಕೆಟ್ಟರೆ ಮಾತ್ರ ನನ್ನ ಮನೆ ಕಡೆ ಬರಬೇಡಿ. ಈ ಸಲಹೆಗೆ ನಾನು ಬಿಲ್ ಕೊಟ್ಟಿಲ್ಲ.